ಬೆಕ್ಕಿನ ಮರಿಗೆ ಕಾಯಿಲೆಯೇ? ಖರ್ಚಿಗೆ ಹೆದರಿ ಕೂರಬೇಡಿ

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ ಶೇಂಗಾ ಮೂಟೆ ಇರುವ ಮನೆಗೆ ಬೆಕ್ಕು ಬೇಕೇ ಬೇಕು, ಇಲ್ಲದಿದ್ದರೆ ಇಲಿ ಕಾಟ. ಅದೇ ಬೆಕ್ಕಿನ ಮರಿಗಳು ವಾಂತಿ, ಭೇದಿಯಿಂದ ಮುದುಡಿ ಬಿದ್ದಾಗ ಮಾತ್ರ 'ಬೆಕ್ಕಿಗೆಲ್ಲಾ ಯಾರು ದುಡ್ಡು ಸುರೀತಾರೆ ಬಿಡು' ಅಂತೀವಿ!

ಲಸಿಕೆ ಹಾಕಿಸದ ಮರಿಗೆ ಇದು ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗ ಇರಬಹುದು. ಮಕ್ಕಳಿಗೆ ಅಂಟದು, ಆದರೆ ಒಂದೆರಡು ದಿನದಲ್ಲೇ ಮರಿಯ ಪ್ರಾಣ ತೆಗೆಯಬಲ್ಲದು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಡ್ರಿಪ್, ವಾಂತಿ ನಿಲ್ಲುವ ಇಂಜೆಕ್ಷನ್, ಆಂಟಿಬಯಾಟಿಕ್‌ಗಳೇ ಜೀವ ಹಿಡಿಯೋದು. ತಡ ಮಾಡಿದಷ್ಟೂ ಖರ್ಚು ಹೆಚ್ಚು.

ಮೊದಲು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಹೋಗಿ. ಅದು ದನ, ಕುರಿಗಳಿಗಷ್ಟೇ ಎಂಬ ಸಂಕೋಚ ಬೇಡ. ಅಲ್ಲಿಲ್ಲದ ಔಷಧಿಗೆ ಚೀಟಿ ಬರೆಸಿಕೊಳ್ಳಿ. ಪಶು ಸಹಾಯವಾಣಿ 1962ಕ್ಕೂ ಫೋನ್ ಮಾಡಿ ವಿಚಾರಿಸಬಹುದು. ಖಾಸಗಿ ಡಾಕ್ಟರಾದರೆ ನಾಚದೆ ಹೇಳಿ: 'ನನ್ನ ಹತ್ರ ಇಷ್ಟೇ ಇದೆ, ಯಾವುದು ಮೊದಲು ಆಗಲೇಬೇಕು?' ಸಾಸಿವೆ ಡಬ್ಬಿಯ ದುಡ್ಡು ಸಾಲದಿದ್ದರೆ ದಿನಾ ಆ ಮರಿಗಳನ್ನು ಎತ್ತಿ ಆಡಿಸುವ ಪಕ್ಕದ ಮನೆಯವರನ್ನೂ ಕೇಳಿ. ಬಿಲ್ಲು ತೋರಿಸಿದರೆ ನೂರಿನ್ನೂರು ಕೊಡೋರು ಇದ್ದೇ ಇರ್ತಾರೆ.

ಆಸ್ಪತ್ರೆ ತಲುಪುವವರೆಗೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಮರಿಯ ಪಕ್ಕ ಇಡಿ. ಹಸುವಿನ ಹಾಲು ಕುಡಿಸಬೇಡಿ, ಭೇದಿ ಹೆಚ್ಚುತ್ತೆ. ಜ್ವರ ಅಂತ ಪ್ಯಾರಾಸಿಟಮಾಲ್ ಚೂರನ್ನೂ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಚೆನ್ನಾಗಿರುವ ಮರಿಗಳನ್ನು ಬೇರೆ ಕೋಣೆಯಲ್ಲಿಡಿ. ಅವುಗಳಿಗೆ ಲಸಿಕೆ ಯಾವಾಗ ಹಾಕಿಸಬೇಕೆಂದು ಡಾಕ್ಟರನ್ನು ಅವತ್ತೇ ಕೇಳಿಕೊಂಡು ಬನ್ನಿ.