ಉಸಿರಿಗೊಂದು ಅಲ್ಪಾವಧಿ ಸಾಲ

ವ್ಯಾಪಾರದಲ್ಲಿ ನಗದಿನ ಹರಿವು ನಿಂತರೆ ಸಾವರಿಸಿಕೊಳ್ಳಲು ಕೆಲವು ದಿನಗಳಾದರೂ ದೊರೆಯುತ್ತವೆ. ದೇಹಕ್ಕೆ ಆಮ್ಲಜನಕ ನಿಂತರೆ ದೊರೆಯುವುದು ಕೆಲವೇ ನಿಮಿಷಗಳು. ಬಳಿಕ ಮೆದುಳಿನ ಜೀವಕೋಶಗಳು ಸಾಯತೊಡಗುತ್ತವೆ. ಈ ಅವಧಿಯನ್ನು ವಿಸ್ತರಿಸುವ ಉದ್ದೇಶದಿಂದ ರೂಪುಗೊಂಡದ್ದೇ ಆಮ್ಲಜನಕದ ಚುಚ್ಚುಮದ್ದು.

2006ರಲ್ಲಿ ಅಮೆರಿಕದ ವೈದ್ಯ ಜಾನ್ ಖೈರ್ ಅವರು ತೀವ್ರ ನ್ಯುಮೋನಿಯಾದಿಂದ ಬಳಲುತ್ತಿದ್ದ ಬಾಲಕಿಯೊಬ್ಬಳಿಗೆ ಚಿಕಿತ್ಸೆ ನೀಡುತ್ತಿದ್ದರು. ಕೃತಕ ಹೃದಯ-ಶ್ವಾಸಕೋಶ ಯಂತ್ರವನ್ನು ಜೋಡಿಸುವಷ್ಟರಲ್ಲಿ ಆಮ್ಲಜನಕದ ಕೊರತೆಯಿಂದ ಆಕೆಯ ಮೆದುಳಿಗೆ ಹಾನಿಯಾಗಿತ್ತು, ಮಗು ಉಳಿಯಲಿಲ್ಲ. ಶ್ವಾಸಕೋಶದ ನೆರವಿಲ್ಲದೆ ರಕ್ತಕ್ಕೆ ನೇರವಾಗಿ ಆಮ್ಲಜನಕ ನೀಡಲಾಗದೇ ಎಂಬ ಪ್ರಶ್ನೆ ಹುಟ್ಟಿದ್ದು ಅಲ್ಲಿ.

ಅನಿಲವನ್ನು ಹಾಗೆಯೇ ರಕ್ತನಾಳಕ್ಕೆ ಸೇರಿಸಿದರೆ ಗುಳ್ಳೆಗಳಾಗಿ ರಕ್ತಸಂಚಾರಕ್ಕೆ ತಡೆಯೊಡ್ಡುತ್ತದೆ. ಆದುದರಿಂದ ಬಾಸ್ಟನ್ ಮಕ್ಕಳ ಆಸ್ಪತ್ರೆಯ ಖೈರ್ ಅವರ ತಂಡವು ಆಮ್ಲಜನಕವನ್ನು ಕೊಬ್ಬಿನ ತೆಳುಪೊರೆಯ ಸೂಕ್ಷ್ಮಕಣಗಳಲ್ಲಿ ತುಂಬಿತು. ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದಾದ ಈ ಕಣಗಳು ದ್ರವದೊಡನೆ ಸಾಗಿ, ಕ್ಷಣಾರ್ಧದಲ್ಲಿ ಆಮ್ಲಜನಕವನ್ನು ರಕ್ತಕ್ಕೆ ಬಿಟ್ಟುಕೊಡುತ್ತವೆ. ಶ್ವಾಸನಾಳವನ್ನು ಪೂರ್ತಿ ಮುಚ್ಚಿದ ಮೊಲಗಳನ್ನು 15 ನಿಮಿಷಗಳವರೆಗೆ ಜೀವಂತವಾಗಿರಿಸಬಹುದೆಂದು 2012ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಗಂಟಲಿಗೆ ನಳಿಕೆ ತೂರಿಸಲು ಅಥವಾ ಯಂತ್ರ ಜೋಡಿಸಲು ತುರ್ತುಚಿಕಿತ್ಸೆಯಲ್ಲಿ ಇಷ್ಟು ಕಾಲಾವಕಾಶ ಬಹುಮೂಲ್ಯವಾದುದು.

ಆದರೆ ಇದು ಅಲ್ಪಾವಧಿ ಸಾಲವೇ ಹೊರತು ಬಂಡವಾಳವಲ್ಲ. ದೇಹದಲ್ಲಿ ಸಂಗ್ರಹವಾಗುವ ಇಂಗಾಲದ ಡೈಆಕ್ಸೈಡನ್ನು ಈ ಮದ್ದು ಹೊರಹಾಕುವುದಿಲ್ಲ. ಕಣಗಳನ್ನು ಹೊತ್ತ ದ್ರವವೂ ಮಿತಿಮೀರಿದರೆ ಹೃದಯಕ್ಕೆ ಭಾರವಾಗುತ್ತದೆ. ಮನುಷ್ಯರ ಚಿಕಿತ್ಸೆಗೆ ಬಳಸಲು ಇದಕ್ಕಿನ್ನೂ ಅನುಮತಿ ದೊರೆತಿಲ್ಲ.

ಪ್ರಯೋಗಶಾಲೆಯಿಂದ ಮಾರುಕಟ್ಟೆಗಿರುವ ದೂರ ಎಷ್ಟೆಂಬುದನ್ನು ಈ ಕ್ಷೇತ್ರದ ಹಿಂದಿನ ಲೆಕ್ಕಗಳೇ ಹೇಳುತ್ತವೆ. ಆಮ್ಲಜನಕ ಒಯ್ಯುವ ಫ್ಲೂಸಾಲ್ ಎಂಬ ದ್ರವಕ್ಕೆ ಅಮೆರಿಕದಲ್ಲಿ 1989ರಲ್ಲಿ ಅನುಮತಿ ದೊರೆತಿತ್ತು. ಅದನ್ನು ಹೆಪ್ಪುಗಟ್ಟಿಸಿ ಸಂಗ್ರಹಿಸಿ, ಕರಗಿಸಿ ಬಳಸಬೇಕಾಗಿತ್ತು. 1994ರ ಹೊತ್ತಿಗೆ ಅದು ಮಾರುಕಟ್ಟೆಯಿಂದ ಮರೆಯಾಯಿತು. ಪಾಲಿಹೀಮ್ ಎಂಬ ರಕ್ತಪರ್ಯಾಯವನ್ನು ತಯಾರಿಸಿದ ನಾರ್ತ್‌ಫೀಲ್ಡ್ ಕಂಪನಿಯು ಅನುಮತಿ ದೊರೆಯದೆ 2009ರಲ್ಲಿ ದಿವಾಳಿಯಾಯಿತು.

ನಮ್ಮ ದೇಶದ ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಆಯಾ ವರ್ಷದ ಖರ್ಚಿಗೇ ಬರೆಯಬೇಕು. ಭವಿಷ್ಯದ ಲಾಭ ಖಚಿತವಿಲ್ಲದಿರುವುದೇ ಅದಕ್ಕೆ ಕಾರಣ. ಮೊಲಗಳ ಮೇಲಿನ ಯಶಸ್ಸನ್ನು ಕೇಳಿ ಹೂಡಿಕೆಗೆ ಮುಂದಾಗುವವರಿಗೆ ಈ ಎಚ್ಚರ ಅಗತ್ಯ. ಆದರೂ ಇಂತಹ ಖರ್ಚನ್ನು ಯಾರಾದರೂ ಭರಿಸಲೇಬೇಕು. ಇಲ್ಲವಾದಲ್ಲಿ, ಯಂತ್ರ ಜೋಡಿಸುವ ಮುನ್ನವೇ ಕೈತಪ್ಪಿಹೋಗುವ ಜೀವಗಳಿಗೆ ಆ 15 ನಿಮಿಷಗಳು ಎಂದಿಗೂ ದೊರೆಯಲಾರವು.