ಹೊಳೆ ದಾಟಿಸುವ ಲೆಕ್ಕ, ಕಡಲು ದಾಟಿಸುವ ಲೆಕ್ಕ

ಸಿಂಧನೂರಿನಲ್ಲಿ ಸಿರುಗುಪ್ಪದ ಬಸ್ಸು ಹತ್ತಿ ಕುಳಿತರೆ ದಾರಿಯುದ್ದಕ್ಕೂ ಭತ್ತದ ಗದ್ದೆ, ಕಾಲುವೆ, ಕ್ಯಾಂಪುಗಳು. ದಢೇಸುಗೂರು ಬಂತೆಂದರೆ ಕೃಷಿ ಸಂಶೋಧನಾ ಕೇಂದ್ರ, ಅದರಾಚೆ ತುಂಗಭದ್ರೆಯ ಸೇತುವೆ. ಸೇತುವೆ ದಾಟಿದರೆ ರಾಯಚೂರು ಜಿಲ್ಲೆ ಮುಗಿದು ಬಳ್ಳಾರಿ ಜಿಲ್ಲೆ. ಅಷ್ಟು ಹೊತ್ತು ತೂಕಡಿಸುತ್ತಿದ್ದವರೂ ಇಲ್ಲಿ ಒಮ್ಮೆ ತಲೆ ಎತ್ತಿ ಹೊಳೆಯಲ್ಲಿ ನೀರೆಷ್ಟಿದೆ ಎಂದು ನೋಡುತ್ತಾರೆ. ಎರಡು ನಿಮಿಷವೂ ಹಿಡಿಯದ ದಾರಿ ಅದು.

ಸೇತುವೆ ಇಲ್ಲದ ಕಾಲದಲ್ಲಿ ಹರಗೋಲೇ ಗತಿ. ಊರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರನ್ನು, ‘ಆಗ ದಾಟಿಸಲು ಎಷ್ಟು ಕೊಡುತ್ತಿದ್ದಿರಿ ಅಜ್ಜಾ?’ ಎಂದು ಕೇಳಿದೆ. ಅವರು ನಕ್ಕರು. ‘ರೊಕ್ಕದ ಮಾತು ದೊಡ್ಡದಲ್ಲ ತಮ್ಮಾ. ಹೊಳಿ ತುಂಬಿ ಬಂದಾಗ ಅವ ದಂಡಿ ಮ್ಯಾಲ ಇರತಿದ್ದನೋ ಇಲ್ಲೋ, ಅದು ದೊಡ್ಡದು.’

ವಿಮಾನಯಾನದ ಬಗ್ಗೆ ಬರೆಯಲು ಹೊರಟವನಿಗೆ ಈ ಮಾತು ಯಾಕೆ ನೆನಪಾಗಬೇಕು? ಅಗ್ಗದ ದರದ ವಿಮಾನಗಳು ಈಗ ನೆಲ ಬಿಟ್ಟು ಕಡಲು ದಾಟಿ ದ್ವೀಪಗಳತ್ತ ಹಾರುತ್ತಿವೆ. ಟಿಕೇಟು ಎಷ್ಟು ಅಗ್ಗ ಎಂದು ಎಲ್ಲರೂ ಕೇಳುತ್ತಾರೆ. ಅಜ್ಜ ಕೇಳಿದ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಒಂದು ರೂಪಾಯಿಯ ಕನಸು

ಈ ಕತೆಯ ಮೊದಲ ಅಧ್ಯಾಯ ನಮ್ಮ ರಾಜ್ಯದ್ದೇ. ಹಾಸನ ಜಿಲ್ಲೆಯ ಗೊರೂರಿನ ಜಿ.ಆರ್. ಗೋಪಿನಾಥ್ ವಿಜಾಪುರದ ಸೈನಿಕ ಶಾಲೆಯಲ್ಲಿ ಓದಿದವರು. ಸೇನೆಗೆ ಸೇರಿ 1971ರ ಬಾಂಗ್ಲಾ ಯುದ್ಧದಲ್ಲಿ ಪಾಲ್ಗೊಂಡು, ಕ್ಯಾಪ್ಟನ್ ಆಗಿದ್ದಾಗ ನೌಕರಿ ಬಿಟ್ಟು ಊರಿಗೆ ಬಂದು ರೇಷ್ಮೆ ಬೇಸಾಯಕ್ಕೆ ಇಳಿದರು. ಆಮೇಲೆ ಹೆಲಿಕಾಪ್ಟರ್ ಬಾಡಿಗೆಯ ಉದ್ಯಮ ಕಟ್ಟಿದರು. 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಹಾರಾಟ ಶುರುಮಾಡಿತು. ಮೈಸೂರಿನವರಾದ ಆರ್.ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನೇ ಅದರ ಗುರುತು. ಚೌಕಳಿ ಅಂಗಿ, ಧೋತರದ ಆ ಮುದುಕ ವಿಮಾನ ಹತ್ತಬೇಕು ಎಂಬುದೇ ಸಂಸ್ಥೆಯ ಹಟ.

ಮೊದಲು 48 ಸೀಟಿನ ಪುಟ್ಟ ಎಟಿಆರ್ ವಿಮಾನಗಳು ಸಣ್ಣ ಊರುಗಳಿಗೆ ಹಾರಿದವು. ಆಮೇಲೆ 180 ಸೀಟಿನ ಏರ್‌ಬಸ್ ಬಂತು. ಪುಕ್ಕಟೆ ಊಟ ಇಲ್ಲ, ಸೀಟಿಗೆ ನಂಬರೂ ಇಲ್ಲ. ಪೆಟ್ರೋಲ್ ಬಂಕಿನಲ್ಲೂ ಟಿಕೇಟು ಸಿಗುತ್ತಿತ್ತು. ಕೆಲವೇ ಸೀಟುಗಳಿಗಾದರೂ ಸರಿ, ಒಂದು ರೂಪಾಯಿ ಟಿಕೇಟು ದೇಶದ ಮನೆಮಾತಾಯಿತು. ಕೆಲವೇ ವರ್ಷಗಳಲ್ಲಿ ಈ ವಿಮಾನ ಬಂಗಾಳ ಕೊಲ್ಲಿ ದಾಟಿ ಅಂಡಮಾನಿನ ಪೋರ್ಟ್ ಬ್ಲೇರ್‌ಗೂ ಹೋಯಿತು. 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರು ಬದಲಾದ ಊರು ಅದೇ. ಚೆನ್ನೈನಿಂದ ಹಡಗಿನಲ್ಲಿ ಮೂರು ದಿನದ ಹಾದಿ, ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ.

ಈ ಹಾದಿಗೂ ಸಿಂಧನೂರು ಸೀಮೆಗೂ ಒಂದು ಬಗೆಯ ನಂಟಿದೆ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಲ್ಲಿ ಕೆಲವರನ್ನು ಸರ್ಕಾರ 1949ರಿಂದಲೇ ಅಂಡಮಾನಿಗೆ ಹಡಗಿನಲ್ಲಿ ಕಳಿಸಿ ನೆಲೆಗೊಳಿಸಿತು. ಪ್ರವಾಸಿಗರು ಇಂದು ಮುಗಿಬೀಳುವ ಹ್ಯಾವ್‌ಲಾಕ್, ನೀಲ್ ದ್ವೀಪಗಳು ಹೆಚ್ಚಾಗಿ ಈ ಬಂಗಾಳಿ ರೈತರ ಊರುಗಳೇ. 1970ರ ದಶಕದಲ್ಲಿ ಅದೇ ನಾಡಿನ ಇನ್ನೊಂದಿಷ್ಟು ಕುಟುಂಬಗಳು ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಿಗೆ ಬಂದವು. ಒಂದೇ ನೆಲ ಕಳೆದುಕೊಂಡವರಲ್ಲಿ ಕೆಲವರಿಗೆ ಕಾಲುವೆಯ ದಂಡೆ ಸಿಕ್ಕಿತು, ಕೆಲವರಿಗೆ ಕಡಲ ನಡುವಿನ ದ್ವೀಪ ಸಿಕ್ಕಿತು. ಕಾಲುವೆಯ ದಂಡೆಯವರಿಗೆ ಬಸ್ಸಾದರೂ ಉಂಟು.

ಅಗ್ಗ ಹೇಗೆ ಆಗುತ್ತದೆ?

ಟಿಕೇಟು ಅಗ್ಗವಾಗುವುದು ಮಾಲೀಕನ ಔದಾರ್ಯದಿಂದಲ್ಲ. ನಮ್ಮ ಕಡೆಯ ಟಂಟಂ ಗಾಡಿಯವನ ಲೆಕ್ಕವೇ ಇಲ್ಲೂ ನಡೆಯುತ್ತದೆ. ಗಾಡಿ ನಿಂತರೆ ನಷ್ಟ, ಓಡಿದರೆ ಲಾಭ. ಎಲ್ಲ ವಿಮಾನಗಳೂ ಒಂದೇ ಮಾದರಿಯವಾದರೆ ಬಿಡಿಭಾಗ ಒಂದೇ, ಪೈಲಟ್ ತರಬೇತಿಯೂ ಒಂದೇ. ಇಳಿದ ಅರ್ಧ ಗಂಟೆಯಲ್ಲಿ ಮತ್ತೆ ಏರಬೇಕು. ಬೆಳಗಿನಿಂದ ರಾತ್ರಿಯವರೆಗೆ ಆರೇಳು ಸುತ್ತು ಹೊಡೆಯಬೇಕು. ಒಂದು ವಿಮಾನ ಕೆಟ್ಟರೆ ಇನ್ನೊಂದು ಊರಿನಿಂದ ಬದಲಿ ವಿಮಾನ ತಂದು ನಿಲ್ಲಿಸಬೇಕು. 1971ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಮೂರೇ ಊರುಗಳ ನಡುವೆ ಹಾರಾಟ ಶುರುಮಾಡಿದ ಸೌತ್‌ವೆಸ್ಟ್ ಎಂಬ ಸಂಸ್ಥೆ ಈ ಪಾಠವನ್ನು ಲೋಕಕ್ಕೆಲ್ಲ ಕಲಿಸಿತು.

ಕಡಲು ಈ ಲೆಕ್ಕವನ್ನು ಒಪ್ಪುವುದಿಲ್ಲ. ದೂರ ಹೆಚ್ಚಿದ್ದರೆ ದಿನಕ್ಕೆ ಸುತ್ತು ಕಡಿಮೆ. ದ್ವೀಪದಲ್ಲಿ ವಿಮಾನ ಕೆಟ್ಟರೆ ಬದಲಿ ವಿಮಾನವೂ ರಿಪೇರಿಯವರೂ ಸಮುದ್ರ ದಾಟಿ ಬರಬೇಕು. ಜೊತೆಗೆ ಕಡಲಿನದೇ ಆದ ಕಾನೂನುಗಳಿವೆ.

ಅರವತ್ತು ನಿಮಿಷದ ಗೆರೆ

ಎರಡು ಎಂಜಿನ್‌ಗಳ ವಿಮಾನದಲ್ಲಿ ಒಂದು ಕೈಕೊಟ್ಟರೆ, ಉಳಿದ ಒಂದರಿಂದಲೇ ಅರವತ್ತು ನಿಮಿಷದೊಳಗೆ ಯಾವುದಾದರೂ ನಿಲ್ದಾಣ ತಲುಪುವಂತೆ ಹಾದಿ ಇರಬೇಕು. ಇದು ಹಳೆಯ ನಿಯಮ. ಎಂಜಿನ್‌ಗಳ ಮೇಲೆ ನಂಬಿಕೆ ಬೆಳೆದಂತೆ ವಿಶೇಷ ಅನುಮತಿ ಪಡೆದವರಿಗೆ 1985ರಲ್ಲಿ 120 ನಿಮಿಷಕ್ಕೂ, ಬಳಿಕ 180 ನಿಮಿಷಕ್ಕೂ ಈ ಗೆರೆ ವಿಸ್ತರಿಸಿತು. ಅನುಮತಿ ಸುಮ್ಮನೆ ಸಿಗುವುದಿಲ್ಲ. ವಿಮಾನದ ಉಪಕರಣ, ದುರಸ್ತಿಯ ಕ್ರಮ, ಪೈಲಟ್‌ಗಳ ತರಬೇತಿ ಎಲ್ಲವನ್ನೂ ಸರ್ಕಾರದ ತಜ್ಞರು ತಪಾಸಣೆ ಮಾಡುತ್ತಾರೆ. ಒಬ್ಬನೇ ಮೆಕ್ಯಾನಿಕ್ ಒಂದೇ ಸಲ ಎರಡೂ ಎಂಜಿನ್‌ಗಳ ಅದೇ ಕೆಲಸಕ್ಕೆ ಕೈಹಾಕಬಾರದು ಎಂಬಷ್ಟು ಸೂಕ್ಷ್ಮವಾದ ನಿಬಂಧನೆ ಉಂಟು. ಅವನು ಒಂದರಲ್ಲಿ ಮಾಡಿದ ತಪ್ಪು ಇನ್ನೊಂದರಲ್ಲೂ ಆಗಬಾರದಲ್ಲ!

ಅದೇ ಸೌತ್‌ವೆಸ್ಟ್ ಸಂಸ್ಥೆ ಕ್ಯಾಲಿಫೋರ್ನಿಯಾದಿಂದ ಹವಾಯಿ ದ್ವೀಪಗಳಿಗೆ ಹೋಗಲು ಹೊರಟಾಗ ಎದುರಾದದ್ದು ಈ ಗೆರೆಯೇ. ಓಕ್‌ಲ್ಯಾಂಡ್‌ನಿಂದ ಹೊನೊಲುಲುವಿಗೆ ಸುಮಾರು 3,900 ಕಿ.ಮೀ. ನಡುವೆ ಇಳಿಯಲು ಅಂಗೈಯಗಲ ನೆಲವೂ ಇಲ್ಲ. 2017ರಲ್ಲಿ ಯೋಜನೆ ಘೋಷಿಸಿದ ಸಂಸ್ಥೆ ಪ್ರಯಾಣಿಕರಿಲ್ಲದೆ ಪರೀಕ್ಷಾ ಹಾರಾಟಗಳನ್ನು ನಡೆಸಬೇಕಾಯಿತು. ನಡುವೆ ಅಮೆರಿಕ ಸರ್ಕಾರದ ಕಚೇರಿಗಳೇ ಕೆಲವು ವಾರ ಮುಚ್ಚಿದ್ದರಿಂದ ಇನ್ನಷ್ಟು ತಡವಾಯಿತು. ಕೊನೆಗೆ 2019ರ ಮಾರ್ಚ್ 17ರಂದು ಮೊದಲ ವಿಮಾನ ಏರಿತು. ಆರಂಭದ ದರ 49 ಡಾಲರ್. ಅಲ್ಲಿಯವರೆಗೆ ನಲವತ್ತಾರು ವರ್ಷಗಳ ಕಾಲ ಲಾಭಕರವಾಗಿ ಹಾರಿದ್ದ ಆ ಸಂಸ್ಥೆ ನೆಲದ ಮೇಲಿನ ಅನುಭವವೆಲ್ಲ ಕಡಲಿಗೆ ಸಾಲದು ಎಂದು ಮತ್ತೆ ವಿದ್ಯಾರ್ಥಿಯಾಗಬೇಕಾಯಿತು.

ಇಷ್ಟೆಲ್ಲ ಕಟ್ಟುನಿಟ್ಟು ಬೇಕೇ ಎನ್ನುವವರು 2001ರ ಆಗಸ್ಟ್ 24ರ ಘಟನೆಯನ್ನು ನೆನೆಯಬೇಕು. ಕೆನಡಾದ ಏರ್ ಟ್ರಾನ್ಸಾಟ್ ಎಂಬ ಪ್ರವಾಸಿ ವಿಮಾನ ಸಂಸ್ಥೆಯ ಏರ್‌ಬಸ್ ಟೊರಾಂಟೊದಿಂದ ಲಿಸ್ಬನ್‌ಗೆ ಹೊರಟಿತ್ತು. ಎಂಜಿನ್ ಬದಲಿಸಿದಾಗ ಹೊಂದಿಕೆಯಾಗದ ಭಾಗ ಜೋಡಿಸಿದ್ದರಿಂದ ಇಂಧನದ ಕೊಳವೆ ಉಜ್ಜಿ ಸೀಳಿತು. ಅಟ್ಲಾಂಟಿಕ್ ನಡುವೆ ಇಂಧನವೆಲ್ಲ ಸೋರಿ ಎರಡೂ ಎಂಜಿನ್ ಆರಿದವು. 306 ಜನರನ್ನು ಹೊತ್ತ ವಿಮಾನ ಸುಮಾರು ಹತ್ತೊಂಬತ್ತು ನಿಮಿಷ ಹದ್ದಿನಂತೆ ತೇಲಿ ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಎಲ್ಲರೂ ಬದುಕಿದರು. ಹಾದಿಯ ಹತ್ತಿರ ಒಂದು ನಿಲ್ದಾಣ ಇದ್ದದ್ದೇ ಅವರ ಪುಣ್ಯ.

ನಮ್ಮ ದ್ವೀಪಗಳ ಪಾಡು

ಚೆನ್ನೈನಿಂದ ಪೋರ್ಟ್ ಬ್ಲೇರ್ ಸುಮಾರು 1,370 ಕಿ.ಮೀ. ಹವಾಯಿಯಷ್ಟು ದೂರವಲ್ಲ. ಆದರೆ ಆ ನಿಲ್ದಾಣಕ್ಕೆ ಬೇರೆ ಕಷ್ಟಗಳಿವೆ. ನೌಕಾಪಡೆಯ ಆ ನೆಲೆಯಲ್ಲಿ ಇರುವುದು ಒಂದೇ ರನ್‌ವೇ. ಒಂದು ತುದಿಗೆ ಗುಡ್ಡ. ಹೀಗಾಗಿ ಇಳಿಯುವುದು ಒಂದು ದಿಕ್ಕಿನಿಂದ, ಏರುವುದು ಅದಕ್ಕೆ ಎದುರು ದಿಕ್ಕಿಗೆ. ಗಾಳಿ ಹಿಂದಿನಿಂದ ಜೋರಾಗಿ ಬೀಸಿದರೆ ಅಥವಾ ಮಳೆ ಕವಿದರೆ ಕಾಯಬೇಕು. ಕಾದರೂ ಆಗದಿದ್ದರೆ ಬಂದ ದಾರಿಯಲ್ಲೇ ಹಿಂದಿರುಗಬೇಕು. ಅದಕ್ಕೆ ಬೇಕಾದಷ್ಟು ಇಂಧನ ಮೊದಲೇ ಹೊತ್ತಿರಬೇಕು. ಇಂಧನ ಹೊರಲೂ ಇಂಧನ ಖರ್ಚು. ‘ಅಗ್ಗ’ ಎಂಬುದು ಇಲ್ಲಿ ಸೋರತೊಡಗುತ್ತದೆ.

ಪಶ್ಚಿಮದ ಕಡಲಿನಲ್ಲಿರುವ ಲಕ್ಷದ್ವೀಪ ಕನ್ನಡ ನಾಡಿಗೆ ಇನ್ನೂ ಹತ್ತಿರದ್ದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ಈ ಐದು ದ್ವೀಪಗಳು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದಕ್ಕೂ ಮೊದಲು ಕೆಲಕಾಲ ಟೀಪು ಸುಲ್ತಾನನ ಆಡಳಿತ. ದ್ವೀಪದವರು ಹಾಯಿದೋಣಿಯಲ್ಲಿ ತೆಂಗಿನ ನಾರಿನ ಹುರಿ ತಂದು ಮಂಗಳೂರಿನಲ್ಲಿ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಮಳೆಗಾಲದಲ್ಲಿ ಕಡಲು ಕೆರಳಿದರೆ ಅಕ್ಕಿಯೂ ಇಲ್ಲ, ಸುದ್ದಿಯೂ ಇಲ್ಲ.

ಈ ದ್ವೀಪಸಮೂಹಕ್ಕೆಲ್ಲ ಇರುವ ವಿಮಾನ ನಿಲ್ದಾಣ ಅಗತ್ತಿಯದು. ರನ್‌ವೇ ಉದ್ದ ಸುಮಾರು 1,200 ಮೀಟರ್. ಬೆಂಗಳೂರಿನಲ್ಲಿ ಅದು 4,000 ಮೀಟರ್. ಏರ್‌ಬಸ್ ಇಲ್ಲಿ ಇಳಿಯುವಂತಿಲ್ಲ. ಎಟಿಆರ್‌ನಂಥ ಸಣ್ಣ ವಿಮಾನಗಳೇ ಬೇಕು. 2024ರ ಮಾರ್ಚ್ 31ರಂದು ಇಂಡಿಗೊ ಸಂಸ್ಥೆ 78 ಸೀಟಿನ ಎಟಿಆರ್ ವಿಮಾನದಲ್ಲಿ ಬೆಂಗಳೂರಿನಿಂದ ಅಗತ್ತಿಗೆ ನೇರ ಹಾರಾಟ ಆರಂಭಿಸಿತು. ಅದೇ ವಾರ ಬೆಂಗಳೂರಿನಿಂದ ಇಂಡೊನೇಷ್ಯಾದ ಬಾಲಿ ದ್ವೀಪಕ್ಕೂ ಅದರ ವಿಮಾನ ಹೊರಟಿತು. ಹಿಂದೆ ಹಾಯಿದೋಣಿಗೆ ದಿನಗಟ್ಟಲೆ ಹಿಡಿಯುತ್ತಿದ್ದ ಹಾದಿ ಈಗ ಒಂದು ಊಟದಿಂದ ಇನ್ನೊಂದು ಊಟದೊಳಗೆ ಮುಗಿಯುತ್ತದೆ.

ನಿಂತುಹೋದ ದಿನ

ಹೊಸ ಹಾದಿ ಶುರುವಾದ ದಿನ ರಿಬ್ಬನ್ ಕತ್ತರಿಸಿ ದೀಪ ಬೆಳಗಿಸುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಿಂತುಹೋದ ದಿನ ಫೋಟೊ ಇಲ್ಲ.

ಏರ್ ಡೆಕ್ಕನ್ ಲಾಭ ಕಾಣಲಿಲ್ಲ. 2007ರಲ್ಲಿ ವಿಜಯ್ ಮಲ್ಯರ ಕಿಂಗ್‌ಫಿಷರ್ ಕಡೆಯವರು ಅದರ ಪಾಲು ಕೊಂಡರು. ಮರುವರ್ಷ ಹೆಸರೂ ಕರಗಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ತಾನೇ ನೆಲಕ್ಕಿಳಿಯಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಅದೇ ಹಾದಿ ಹಿಡಿದವು. ಈ ಎಲ್ಲವೂ ಪೋರ್ಟ್ ಬ್ಲೇರ್‌ಗೆ ಹಾರುತ್ತಿದ್ದ ಸಂಸ್ಥೆಗಳು ಎಂಬುದನ್ನು ಗಮನಿಸಬೇಕು. ಹವಾಯಿಗಂತೂ 2008ರಲ್ಲಿ ಒಂದೇ ವಾರದೊಳಗೆ ಎರಡು ಪೆಟ್ಟು. ಮಾರ್ಚ್ 31ರಂದು ಅಲೋಹಾ, ಏಪ್ರಿಲ್ 3ರಂದು ಅಗ್ಗದ ದರದ ಎಟಿಎ ಪ್ರಯಾಣಿಕರ ಹಾರಾಟ ನಿಲ್ಲಿಸಿದವು.

ನಮ್ಮ ಭಾಗದಲ್ಲೂ ಇಂಥದ್ದು ಆಗಿದೆ. ಕೇಂದ್ರದ ಉಡಾನ್ ಯೋಜನೆಯಲ್ಲಿ 2017ರಲ್ಲಿ ಬಳ್ಳಾರಿ ಸಮೀಪದ ವಿದ್ಯಾನಗರದಿಂದ ಟ್ರೂಜೆಟ್ ಹಾರಿತು. 2022ರಲ್ಲಿ ಆ ಸಂಸ್ಥೆಯೇ ನಿಂತಿತು. ನಮಗೇನಾಯಿತು? ರೈಲಿತ್ತು, ಬಸ್ಸಿತ್ತು. ಒಂದು ರಾತ್ರಿ ನಿದ್ದೆಗೆಟ್ಟು ಬೆಂಗಳೂರು ಸೇರಿದೆವು. ಆಮೇಲೆ ಬೇರೆ ಸಂಸ್ಥೆಗಳು ಬಂದವು.

ದ್ವೀಪದವರಿಗೆ ಆ ಅನುಕೂಲ ಎಲ್ಲಿದೆ? ದೊಡ್ಡ ಕಾಯಿಲೆಯಾದರೆ ಚೆನ್ನೈಗೋ ಕೊಚ್ಚಿಗೋ ಬರಬೇಕು. ಕಾಲೇಜಿನ ಪರೀಕ್ಷೆ, ನೌಕರಿಯ ಸಂದರ್ಶನ, ಹೆಣ್ಣು ನೋಡುವ ಶಾಸ್ತ್ರ, ಸತ್ತವರ ಮುಖ ನೋಡುವುದು, ಎಲ್ಲಕ್ಕೂ ಕಡಲು ದಾಟಬೇಕು. ಒಂದು ಸಂಸ್ಥೆ ಬಾಗಿಲು ಹಾಕಿದರೆ ಸೀಟು ಕಡಿಮೆಯಾಗಿ ಉಳಿದವರ ದರ ಏರುತ್ತದೆ. ಪ್ರವಾಸಿ ಬೇರೆ ಊರು ನೋಡಿಕೊಳ್ಳುತ್ತಾನೆ. ದ್ವೀಪದ ರೋಗಿಗೆ ಬೇರೆ ಊರಿಲ್ಲ.

ಹಾಗೆಂದು ಅಗ್ಗದ ವಿಮಾನ ಬೇಡವೆನ್ನಲಾದೀತೇ? ಶ್ರೀಸಾಮಾನ್ಯನನ್ನು ವಿಮಾನ ಹತ್ತಿಸಿದ್ದು ಅದೇ. ಆದರೆ ದ್ವೀಪದ ಹಾದಿಯನ್ನು ಕಂಪನಿಯ ಲಾಭನಷ್ಟಕ್ಕೆ ಪೂರ್ತಿ ಬಿಡುವುದು ಸರಿಯಲ್ಲ. ಉಡಾನ್‌ನಲ್ಲಿ ನಷ್ಟ ತುಂಬಿಕೊಡುವ ಕ್ರಮವಿದೆ. ಅದು ಸಾಮಾನ್ಯವಾಗಿ ಮೂರು ವರ್ಷಕ್ಕೆ. ನೆಲದ ಊರಿಗೆ ಮೂರು ವರ್ಷ ಸಾಕಾದೀತು. ಸೇತುವೆ ಕಟ್ಟಲಾಗದ ಊರಿಗೆ ವಿಮಾನವೇ ಸೇತುವೆ. ತುಂಗಭದ್ರೆಯ ಮೇಲಿನ ಸೇತುವೆಯನ್ನು ಲಾಭ ಬರಲಿಲ್ಲವೆಂದು ಮೂರು ವರ್ಷಕ್ಕೆ ಕಿತ್ತುಹಾಕುವುದಿಲ್ಲವಷ್ಟೆ.

ಹೋಟೆಲಿನ ಅಜ್ಜನನ್ನು ಬೀಳ್ಕೊಡುವಾಗ, ‘ಹಂಗಾದ್ರ ಆ ಹರಗೋಲಿನವ ತುಂಬಿದ ಹೊಳ್ಯಾಗ ಬರತಿದ್ದನೇನ್ರೀ?’ ಎಂದು ಕೇಳಿದೆ.

‘ಒಬ್ಬ ಬರತಿದ್ದ’ ಎಂದರು ಅಜ್ಜ. ‘ಅವಗ ಊರೆಲ್ಲ ಕೂಡಿ ಸುಗ್ಗ್ಯಾಗ ಜ್ವಾಳ ಕೊಡತಿದ್ವಿ. ದಾಟಲಿ, ದಾಟದೇ ಇರಲಿ.’

ಸಿರುಗುಪ್ಪದ ಬಸ್ಸು ಬಂತು. ಸೇತುವೆ ದಾಟುವಾಗ ನಾನೂ ತಲೆ ಎತ್ತಿ ನೀರು ನೋಡಿದೆ.