ಮುಂಗಡ ಮುಟ್ಟುವ ಮುನ್ನ

ತ್ರಾಸಿ ದಾಟಿ ಮರವಂತೆಯತ್ತ ಸಾಗಿದರೆ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ರಸ್ತೆ ಚತುಷ್ಪಥವಾದ ಮೇಲೆ ಈ ಭಾಗದಲ್ಲಿ ಹೋಂಸ್ಟೇಗೆ, ರೆಸಾರ್ಟಿಗೆ ಜಾಗ ಹುಡುಕಿಕೊಂಡು ಬರುವವರು ಹೆಚ್ಚಿದ್ದಾರೆ. ಊರಿನ ಎಷ್ಟೋ ಮನೆಗಳಲ್ಲಿ ಈಗ ಇರುವುದು ವಯಸ್ಸಾದವರು ಮಾತ್ರ. ಒಬ್ಬ ಮಗ ಬೆಂಗಳೂರಿನ ಹೋಟೆಲಿನಲ್ಲಿದ್ದರೆ ಇನ್ನೊಬ್ಬ ದುಬೈಯಲ್ಲಿ; ಮಗಳು ಮುಂಬೈಯಲ್ಲಿ. ಅಂಥ ಮನೆಯ ಜಗಲಿಗೆ ಬಂದು ಕೂರುವ ಬ್ರೋಕರ್ ಆಡುವ ಮಾತು ಹೆಚ್ಚುಕಮ್ಮಿ ಒಂದೇ: ‘ಅಮ್ಮಾ, ಪಾರ್ಟಿ ರೆಡಿ ಇತ್. ಪೂರಾ ಕ್ಯಾಶ್. ನಾಳೆಯೇ ಅಡ್ವಾನ್ಸ್.’

ಮನೆ ಮಾರುವುದು ತಪ್ಪಲ್ಲ. ನೋಡಿಕೊಳ್ಳುವವರಿಲ್ಲದೆ ಮಾಡು ಸೋರಿ ಗೋಡೆ ಕುಸಿಯುವುದಕ್ಕಿಂತ ಒಳ್ಳೆಯ ಬೆಲೆಗೆ ಕೊಡುವುದೇ ಎಷ್ಟೋ ಸಲ ಸರಿ. ಆದರೆ ಮುಂಗಡ ಕೈಗೆ ಬಂದು ಕರಾರಿಗೆ ಸಹಿ ಬಿದ್ದ ಮೇಲೆ ವಕೀಲರ ಬಳಿ ಓಡಿದರೆ ಅವರಿಗೂ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಸಲಹೆ ಕೇಳಬೇಕಾದದ್ದು ಅದಕ್ಕೂ ಮೊದಲೇ.

ನಗದಿನ ನಿಜವಾದ ಬೆಲೆ

‘ಪೂರಾ ಕ್ಯಾಶ್’ ಎಂದರೆ ಸಾಮಾನ್ಯವಾಗಿ ಅರ್ಧ ಹಣ ಪತ್ರದಲ್ಲಿ, ಅರ್ಧ ಚೀಲದಲ್ಲಿ. ಕೊಳ್ಳುವವರಿಗೆ ಮುದ್ರಾಂಕ ಶುಲ್ಕ ಮತ್ತು ನೋಂದಣಿ ಶುಲ್ಕ ಉಳಿಯುತ್ತದೆ, ಲೆಕ್ಕವಿಲ್ಲದ ಹಣಕ್ಕೊಂದು ದಾರಿಯೂ ಆಗುತ್ತದೆ. ಅಪಾಯ ಉಳಿಯುವುದು ಮಾರುವವರಿಗೆ. ಸ್ಥಿರಾಸ್ತಿ ವ್ಯವಹಾರದಲ್ಲಿ ₹20,000 ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ನಗದಾಗಿ ಪಡೆಯಬಾರದೆಂಬ ಆದಾಯ ತೆರಿಗೆ ನಿಯಮ 2015ರ ಜೂನ್ 1ರಿಂದಲೇ ಇದೆ. ಮುರಿದರೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ಅದನ್ನು ಕಟ್ಟಬೇಕಾದವರು ಹಣ ಕೊಟ್ಟವರಲ್ಲ, ತೆಗೆದುಕೊಂಡವರು.

ಒಂದು ಲೆಕ್ಕ ಹಾಕಿ ನೋಡೋಣ. ಹಿರಿಯರಿಂದ ಬಂದ ಮನೆ ₹80 ಲಕ್ಷಕ್ಕೆ ಹೋಗುತ್ತದೆ, 2001ರ ಏಪ್ರಿಲ್ 1ರಂದು ಅದರ ಮೌಲ್ಯ ₹10 ಲಕ್ಷವಿತ್ತು ಎಂದಿಟ್ಟುಕೊಳ್ಳಿ. 2025–26ರ ಹಣದುಬ್ಬರ ಸೂಚ್ಯಂಕ 376ರಂತೆ ಆ ಹತ್ತು ಲಕ್ಷ ₹37.6 ಲಕ್ಷವಾಗುತ್ತದೆ. ಉಳಿದ ₹42.4 ಲಕ್ಷದ ಲಾಭಕ್ಕೆ ಶೇ 20ರಂತೆ ತೆರಿಗೆ ₹8.48 ಲಕ್ಷ. ಸೂಚ್ಯಂಕ ಬೇಡವೆಂದು ಶೇ 12.5ರ ದರ ಆರಿಸಿಕೊಂಡರೆ ₹8.75 ಲಕ್ಷ. ಇದರ ಮೇಲೆ ಸೆಸ್ ಇದೆ. 2024ರ ಜುಲೈ 23ಕ್ಕೆ ಮೊದಲೇ ಕೈಸೇರಿದ ಆಸ್ತಿಗೆ, ದೇಶದಲ್ಲೇ ನೆಲೆಸಿದವರಿಗೆ, ಈ ಎರಡರಲ್ಲಿ ಕಡಿಮೆಯದನ್ನು ಆರಿಸುವ ಅವಕಾಶವಿದೆ. ಲಾಭದ ಹಣದಿಂದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ತೆರಿಗೆ ಪೂರ್ತಿ ಇಲ್ಲವಾಗಲೂಬಹುದು. ಅದೇ ಮನೆಗೆ ₹40 ಲಕ್ಷ ನಗದು ಪಡೆದು ಸಿಕ್ಕಿಬಿದ್ದರೆ ದಂಡವೇ ₹40 ಲಕ್ಷ. ಎಂಟು ಲಕ್ಷಕ್ಕೆ ಹೆದರಿ ನಲವತ್ತು ಲಕ್ಷವನ್ನು ಪಣಕ್ಕಿಡಬೇಕೇ? ಲೆಕ್ಕಪರಿಶೋಧಕರು ಇಷ್ಟನ್ನು ಅರ್ಧ ಗಂಟೆಯಲ್ಲಿ ಬಿಡಿಸಿ ಹೇಳುತ್ತಾರೆ.

ದುಬೈಯ ಮಗನ ಪಾಲಿಗೆ ಲೆಕ್ಕ ಬೇರೆ. ₹50 ಲಕ್ಷ ಮತ್ತು ಮೇಲಿನ ಮಾರಾಟದಲ್ಲಿ ಸಾಮಾನ್ಯವಾಗಿ ಮುರಿದುಕೊಳ್ಳುವ ಶೇ 1ರ ಟಿಡಿಎಸ್ ಅನಿವಾಸಿಗಳಿಗೆ ಅನ್ವಯಿಸದು. ಅವರ ಪಾಲಿನಿಂದ ಬಹಳ ಹೆಚ್ಚು ಮುರಿಯಬೇಕಾಗುತ್ತದೆ. ಅದನ್ನು ತಗ್ಗಿಸುವ ಪ್ರಮಾಣಪತ್ರಕ್ಕೆ ನೋಂದಣಿಗೆ ಮೊದಲೇ ಅರ್ಜಿ ಹಾಕಬೇಕು.

ಪಹಣಿಯ ಆಚೆಗೆ

ಪಹಣಿಯಲ್ಲಿ ಹೆಸರಿದ್ದರೆ ಮಾರುವ ಹಕ್ಕೂ ಪೂರ್ತಿ ಇದೆ ಎಂದು ನಂಬುವವರು ಬಹಳ. ಕರಾವಳಿಯಲ್ಲಿ ಮಾತು ಅಷ್ಟು ಸಲೀಸಲ್ಲ. ಅಳಿಯಸಂತಾನ ಪದ್ಧತಿಯ ಬಂಟ, ಬಿಲ್ಲವ, ಮೊಗವೀರ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಕವರಿನಲ್ಲಿ, ಅಂದರೆ ತಾಯಿಯ ಕಡೆಯ ಕವಲಿನಲ್ಲಿ, ಇಳಿದು ಬಂತು. ಪಹಣಿಯಲ್ಲಿ ಯಜಮಾನರ ಹೆಸರಿದ್ದರೂ ಪಾಲು ಇಡೀ ಕವರಿನದ್ದಾಗಿರಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಯಾರು ಯಾವಾಗ ತೀರಿಕೊಂಡರು, ವಿಭಾಗಪತ್ರ ಆಗಿದೆಯೇ ಎಂಬುದರ ಮೇಲೆ ಹಕ್ಕು ನಿಂತಿದೆ. ಮುಂಬೈಯಲ್ಲಿರುವ ಚಿಕ್ಕಮ್ಮನ ಮಕ್ಕಳ ಸಹಿ ಇಲ್ಲದ ಕ್ರಯಪತ್ರ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕೂತೀತು.

ಕುಮ್ಕಿಯದ್ದು ಇನ್ನೊಂದು ಕತೆ. ವರ್ಗ (ಪಟ್ಟಾ) ಜಾಗಕ್ಕೆ ಹೊಂದಿಕೊಂಡ ಈ ಭೂಮಿಯಿಂದ ಸೊಪ್ಪು, ಸೌದೆ ತರುವ ಸೌಲಭ್ಯ ಮದ್ರಾಸ್ ಪ್ರಾಂತ್ಯದ ಕಾಲದ್ದು, ಆದರೆ ಒಡೆತನ ಸರ್ಕಾರದ್ದು. ತಲೆಮಾರಿನಿಂದ ಬೇಲಿಯೊಳಗಿದೆ ಎಂದು ಅದನ್ನೂ ಸೇರಿಸಿ ಸೆಂಟ್ಸ್ ಲೆಕ್ಕ ಹೇಳಿದರೆ ನಾಳೆ ಅಳತೆಯಲ್ಲಿ ಜಾಗ ಕಡಿಮೆ ಬರುತ್ತದೆ, ಮೋಸದ ಆರೋಪ ಮಾರಿದವರ ತಲೆಗೆ ಬರುತ್ತದೆ. ಹೆದ್ದಾರಿಗೆ ಹೋದ ಜಾಗ ದಾಖಲೆಯಲ್ಲಿ ಕಳೆದಿದೆಯೇ ಎಂದೂ ನೋಡಬೇಕು. ಪರವಾನಗಿ ಇರುವ ಸರ್ವೇಯರ್ ಮೊದಲೇ ಅಳೆದರೆ ಈ ಗೊಂದಲ ಇರುವುದಿಲ್ಲ. ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆಯೂ ಬೇಕು.

ಕಡಲು, ಹೊಳೆ ಹತ್ತಿರವಿದ್ದಲ್ಲಿ ಕರಾವಳಿ ನಿಯಂತ್ರಣ ವಲಯದ ಮಾತು ಬಂದೇ ಬರುತ್ತದೆ. ‘ಸಿಆರ್‌ಝಡ್ ಬತ್ತ್, ಇಲ್ಲಿ ಏನೂ ಕಟ್ಟುಕಾತಿಲ್ಲೆ’ ಎಂದು ಹೆದರಿಸಿ ದರ ಇಳಿಸುವುದುಂಟು. ಅಧಿಕೃತವಾಗಿ ಕಟ್ಟಿದ ಹಳೆಯ ಮನೆಯನ್ನು ಅದೇ ಅಡಿಪಾಯದ ವಿಸ್ತೀರ್ಣದೊಳಗೆ ರಿಪೇರಿ ಮಾಡಲು, ಮತ್ತೆ ಕಟ್ಟಲು 2011ರ ಅಧಿಸೂಚನೆಯಲ್ಲೇ ಅವಕಾಶವಿತ್ತು. ಹಾಗಾಗಿ ಬರಿ ಜಾಗಕ್ಕಿಲ್ಲದ ಬೆಲೆ ಕೆಲವೊಮ್ಮೆ ಆ ಹಳೆ ಮನೆಗೇ ಇರುತ್ತದೆ. ನಿಮ್ಮ ಸರ್ವೆ ನಂಬರು ಯಾವ ವಲಯದಲ್ಲಿದೆ ಎಂದು ತಿಳಿಯದೆ ದರ ಮಾತಾಡಬೇಡಿ.

ನಾಗಬನದ ದಾರಿ

ಮೂಲಮನೆ ಮಾರುವಾಗ ಬಾಯಿಮಾತಿಗೆ ಬಿಡಬಾರದ ವಿಷಯ ನಾಗಬನ ಮತ್ತು ದೈವದ ಗುಡಿ. ‘ಬನಕ್ಕೆ ಬನ್ನಿ, ಯಾರು ಬ್ಯಾಡ ಅಂತ್ರ್?’ ಎಂದ ಒಳ್ಳೆಯ ಖರೀದಿದಾರರೇ ಮುಂದೆ ಜಾಗವನ್ನು ಇನ್ನೊಬ್ಬರಿಗೆ ಮಾರಿಯಾರು. ನಾಗರಪಂಚಮಿಯ ದಿನ ತನು ಹಾಕಲು ಬಂದ ಕುಟುಂಬ ಹೊಸ ಗೇಟಿನ ಹೊರಗೆ ನಿಲ್ಲುವ ಹಾಗೆ ಆಗಬಾರದು. ಬನದ ಜಾಗ ಇಷ್ಟು ಸೆಂಟ್ಸ್, ಅದಕ್ಕೆ ಹೋಗುವ ದಾರಿ ಇಷ್ಟು ಅಡಿ ಅಗಲ, ಅದರ ಹಕ್ಕು ಕುಟುಂಬಕ್ಕೆ ಎಂದು ನಕ್ಷೆ ಸಮೇತ ಕ್ರಯಪತ್ರದಲ್ಲೇ ಬರೆಸಬೇಕು. ಈ ಒಂದು ಕಲಮಿಗಾಗಿಯಾದರೂ ವಕೀಲರ ಶುಲ್ಕ ಸಾರ್ಥಕ.

ಯಾರ ಬಳಿ, ಯಾವಾಗ?

ಮೊದಲು ಮೂಲಪತ್ರ, ಪಹಣಿ, ಪಂಚಾಯಿತಿಯ ದಾಖಲೆ, ಋಣಭಾರ ಪ್ರಮಾಣಪತ್ರ ಹಿಡಿದು ಸಿವಿಲ್ ವಕೀಲರ ಬಳಿ ಹೋಗಿ. ಆಮೇಲೆ ಸರ್ವೇಯರ್, ಲೆಕ್ಕಪರಿಶೋಧಕರು. ಬೆಲೆಗೆ ನೋಂದಾಯಿತ ಮೌಲ್ಯಮಾಪಕರ ವರದಿ ಪಡೆಯಿರಿ. 2001ರ ಮೌಲ್ಯಕ್ಕೂ ಅದು ಆಧಾರ. ಖರೀದಿದಾರರೇ ಕರೆತಂದ ವಕೀಲರು ಅವರ ಹಿತ ನೋಡುವವರು. ನಿಮಗೆ ನಿಮ್ಮವರೇ ಬೇಕು. ಹಣ ಪೂರ್ತಿ ಬರುವ ಮೊದಲು ಸಾಮಾನ್ಯ ಅಧಿಕಾರ ಪತ್ರಕ್ಕೆ (ಜಿಪಿಎ) ಸಹಿ ಹಾಕಬೇಡಿ. ಮುಂಗಡವೂ ಬ್ಯಾಂಕ್ ಮೂಲಕವೇ ಬರಲಿ, ಕರಾರಿನಲ್ಲಿ ಅವಧಿಯೂ ಇರಲಿ.

ಶುಲ್ಕ ಕೊಡುವ ಶಕ್ತಿ ಇಲ್ಲವೆಂದು ಸುಮ್ಮನಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಅರ್ಜಿಯನ್ನು ತಾಲೂಕು ಕಾನೂನು ಸೇವೆಗಳ ಸಮಿತಿಗೆ ಕೊಡಬಹುದು.

ನಿಜಕ್ಕೂ ಕೊಳ್ಳುವ ಮನಸ್ಸಿದ್ದವರು ಒಂದು ತಿಂಗಳು ಕಾಯುತ್ತಾರೆ. ‘ನಾಳೆಯೇ ಆಗಬೇಕು’ ಎಂದು ಒತ್ತಾಯಿಸುವವರಿಗೆ ‘ನಮ್ಮ ವಕೀಲರನ್ನು ಕೇಳಿ ಹೇಳುತ್ತೇವೆ’ ಎಂದು ಉತ್ತರ ಕೊಡಿ. ಅಷ್ಟಕ್ಕೇ ಹಿಂದೆ ಸರಿಯುವ ಪಾರ್ಟಿ ಹೋದರೆ ಹೋಗಲಿ, ನಿಮಗೆ ನಷ್ಟವಿಲ್ಲ.